ಹುಲ್ಲಪ್ಪನ ಹರಕೆ, ಸತ್ಯವ್ವನ ಮೊಣಕಾಲು

ನಮ್ಮತ್ತೆ ಸತ್ಯವ್ವನ ಬಗ್ಗೆ ಊರಲ್ಲಿ ಒಂದು ಮಾತು ಓಡಾಡುತ್ತದೆ. ದೇವರು ಅವಳಿಗೆ ಕಾಲು ಕೊಟ್ಟಿದ್ದ, ಅವಳು ಹರಕೆ ತಡ ಮಾಡಿದಳು, ದೇವರೇ ವಾಪಸು ಕಸಿದುಕೊಂಡ ಎಂದು. ಬನಶಂಕರಿ ಗುಡಿಯ ಮುಂದೆ ಕಾಯಿ ಮಾರುವವರೂ ಇದನ್ನು ಹೇಳುತ್ತಾರೆ, ಅತ್ತೆಯ ಮುಖ ನೋಡದವರೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಕಾಲು ಯಾರು ಕೊಟ್ಟರು, ಯಾರು ಕಸಿದರು ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆಗ ಸೊಸೆಯೆಂದು ಬಾಯಿ ಮುಚ್ಚಿಕೊಂಡಿದ್ದೆ.

ನಾನು ಚೊಳಚಗುಡ್ಡದ ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ನನ್ನ ಗಂಡ ಗುರಲಿಂಗಪ್ಪ ಇಳಕಲ್ಲಿನ ಕಲ್ಲುಗಣಿಯಲ್ಲಿ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಇದ್ದವರು ನಾನು, ಅತ್ತೆ, ಮಾವ. ಮಾವ ಹುಲ್ಲಪ್ಪ ಬದಾಮಿ ಸ್ಟೇಶನ್ನಿನ ರೈಲ್ವೆ ಗ್ಯಾಂಗಿನಲ್ಲಿದ್ದ. ಹಳಿ ನೋಡಿಕೊಳ್ಳುವ ಕೆಲಸ. ತಾನು ಒಂದು ದಿನ ಮನೆಯಲ್ಲಿ ಮಲಗಿದರೆ ಬಿಜಾಪುರದ ಗಾಡಿಯೇ ನಿಂತುಬಿಡುತ್ತದೆ ಎನ್ನುವಂತೆ ನಡೆದುಕೊಳ್ಳುತ್ತಿದ್ದ.

ಮನೆ ನಡೆಯುತ್ತಿದ್ದದ್ದು ಮಾತ್ರ ಅತ್ತೆಯ ರೊಟ್ಟಿಯಿಂದ. ಹೊತ್ತು ಮೂಡುವ ಮುಂಚೆ ಒಲೆಯ ಮುಂದೆ ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲನ್ನು ಎದೆಗಾನಿಸಿ ಕೂತಳೆಂದರೆ ಅರವತ್ತು ರೊಟ್ಟಿ ಮುಗಿಯುವವರೆಗೆ ಏಳುತ್ತಿರಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೆ ಮೊಸರಿನ ಗಡಿಗೆ. ಅದನ್ನು ತಲೆಯ ಮೇಲೆ ಹೊತ್ತು ಬನಶಂಕರಿಯ ಹೊಂಡದ ದಂಡೆಗೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ದೇವಿಯ ದರ್ಶನಕ್ಕೆ ಬಂದವರು ಹೊಟ್ಟೆ ಹಸಿದು ಅವಳ ಮುಂದೆ ನಿಲ್ಲುತ್ತಿದ್ದರು. ಯಾರಾದರೂ ಚೌಕಾಸಿ ಮಾಡಿದರೆ ಬುಟ್ಟಿಗೆ ಅರಿವೆ ಮುಚ್ಚಿ ಬೇರೆ ಕಡೆ ಮುಖ ತಿರುಗಿಸುವುದು ಅವಳ ವ್ಯಾಪಾರದ ರೀತಿ. ತಿರುಗಿ ಅವರೇ ಬರುತ್ತಿದ್ದರು.

ಹೀಗೆ ಮೂವತ್ತು ವರ್ಷ. ಎಂಬತ್ತೊಂದರ ಹೊತ್ತಿಗೆ ಎರಡೂ ಮೊಣಕಾಲು ಬಾತವು. ಬಲಗಾಲಿನದಂತೂ ಬೆಲ್ಲದ ಮುದ್ದೆಯಷ್ಟು ದಪ್ಪವಾಗಿ ಒಳಕ್ಕೆ ಸೊಟ್ಟಗಾಯಿತು. ಎಕ್ಕೆ ಎಲೆಯ ಶಾಖ ಆಯಿತು, ಬರೆ ಹಾಕಿಸಿದ್ದಾಯಿತು, ಗುಳೇದಗುಡ್ಡದ ಯಾರೋ ಕೊಟ್ಟ ಎಣ್ಣೆ ತಿಕ್ಕಿದ್ದಾಯಿತು. ಎಂಬತ್ನಾಲ್ಕರಲ್ಲಿ ಅತ್ತೆ ಒಲೆಯಿಂದ ಬಾಗಿಲವರೆಗೆ ಕುಂಡಿಯ ಮೇಲೆ ತೆವಳಿಕೊಂಡು ಬರುವ ಹಾಗಾದಳು. ಬುಟ್ಟಿ ನನ್ನ ತಲೆಗೆ ಬಂತು. ನಾನು ಸಂಜೆ ತಿರುಗಿ ಬಂದಾಗ ಬಾಗಿಲಲ್ಲೇ ಕೂತಿದ್ದು, ಇವತ್ತು ಹೊಂಡದ ಹತ್ತಿರ ಯಾರ‍್ಯಾರು ಬಂದಿದ್ದರು, ಯಾರು ಏನು ಅಂದರು ಎಂದು ಒಂದೊಂದೇ ಕೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ತನ್ನ ಕಾಲಿನ ಮೇಲೆ ಆ ದಂಡೆಯವರೆಗೆ ಇನ್ನೊಮ್ಮೆ ನಡೆದು ಹೋಗುವುದು.

ಮಾವನ ಒಂದು ಗುಣ ಇಲ್ಲಿಯೇ ಹೇಳಿಬಿಡಬೇಕು. ಹರಕೆ ಹೊರುವುದರಲ್ಲಿ ಅವನಂಥ ಧಾರಾಳಿ ಇನ್ನೊಬ್ಬನಿರಲಿಲ್ಲ. ಎಮ್ಮೆ ಗಬ್ಬ ನಿಲ್ಲಲಿ, ಹೆಂಡತಿ ಐದು ಸೋಮವಾರ ಉಪವಾಸ ಮಾಡುತ್ತಾಳೆ. ಗಣಿಯಲ್ಲಿ ಮಗನ ಕೆಲಸ ಕಾಯಂ ಆಗಲಿ, ಮಗ ಬರಿಗಾಲಲ್ಲಿ ಕೂಡಲಸಂಗಮಕ್ಕೆ ನಡೆಯುತ್ತಾನೆ. ನನ್ನ ಗಂಡ ಹಾಗೆ ಅಂಗಾಲೆಲ್ಲ ಬೊಬ್ಬೆ ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ. ಹರಕೆ ಹೊತ್ತ ಮನುಷ್ಯ ಆ ದಿನ ಬಸ್ಸಿನಲ್ಲಿ ಹೋಗಿ ಅಮೀನಗಡದಲ್ಲಿ ಇಳಿದು ಕರದಂಟು ತಿಂದು ಬಂದಿದ್ದ.

ಮಾವನ ನೌಕರಿಯಿಂದ ಆದ ಒಂದೇ ಒಳ್ಳೆಯದೆಂದರೆ ರೈಲ್ವೆ ದವಾಖಾನೆ. ಹುಬ್ಬಳ್ಳಿಯ ಡಾಕ್ಟರರು ಫೋಟೋ ತೆಗೆಸಿ, ಕೀಲಿನ ನುಣುಪೆಲ್ಲ ಸವೆದು ಎಲುಬಿಗೆ ಎಲುಬು ತಿಕ್ಕುತ್ತಿದೆ, ಇದಕ್ಕೆ ಔಷಧವಿಲ್ಲ, ಮುಂಬೈಯಲ್ಲಿ ಈಗ ಹೊಸ ಕೀಲು ಕೂರಿಸುತ್ತಾರೆ ಎಂದು ಚೀಟಿ ಬರೆದುಕೊಟ್ಟರು. ಎಂಬತ್ತೈದರ ಫೆಬ್ರುವರಿಯಲ್ಲಿ ಸೊಲ್ಲಾಪುರದ ಮೇಲೆ ಮುಂಬೈಗೆ ಹೋದೆವು. ನಾನು ಏಳನೇ ಇಯತ್ತೆ ಓದಿದವಳು, ಮುರುಕು ಹಿಂದಿ ಬರುತ್ತದೆ ಎಂದು ನನ್ನನ್ನು ಜೊತೆಗೆ ಕಳಿಸಿದರು. ಮಾವ ನಮ್ಮನ್ನು ಭರ್ತಿ ಮಾಡಿ, ರಜೆ ಇಲ್ಲವೆಂದು ತಿರುಗಿ ಬಂದ.

ಅಲ್ಲಿಯ ಡಾಕ್ಟರು ಒಂದು ಕೀಲನ್ನು ಅತ್ತೆಯ ಕೈಯಲ್ಲೇ ಇಟ್ಟು ತೋರಿಸಿದರು. ತೊಡೆಯ ಎಲುಬಿನ ತುದಿಗೆ ಒಂದು ಲೋಹದ ತೊಪ್ಪಿಗೆ, ಕೆಳಗಿನ ಎಲುಬಿನ ಮೇಲೆ ಒಂದು ತಟ್ಟೆ, ನಡುವೆ ಬಿಳಿ ಪ್ಲಾಸ್ಟಿಕ್. ಪರದೇಶದಿಂದ ಬಂದ ಸಾಮಾನು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಳೆಗಾಲದಲ್ಲಿ ಇದು ತುಕ್ಕು ಹಿಡಿಯುವುದಿಲ್ಲವೋ ಕೇಳು ಎಂದಳು. ನಾನು ಕೇಳಿದೆ. ಡಾಕ್ಟರು ನಕ್ಕು, ಎಷ್ಟೋ ಡಾಕ್ಟರರಿಗೇ ಈ ಪ್ರಶ್ನೆ ಹೊಳೆಯುವುದಿಲ್ಲ ಅಂದರು. ಅವಳಿಗೆ ಆ ಮನುಷ್ಯನ ಮೇಲೆ ಅವತ್ತೇ ನಂಬಿಕೆ ಬಂತು.

ಮೊದಲು ಬಲಗಾಲು ಮಾತ್ರ ಮಾಡಿದರು. ಆಪರೇಶನ್ನಿಗಿಂತ ಆಮೇಲಿನದೇ ಘೋರ. ಹೊಲಿಗೆ ಹಸಿಯಿರುವಾಗಲೇ, ಎಲ್ಲರೂ ಬಾಯಿ ಎನ್ನುತ್ತಿದ್ದ ಒಬ್ಬ ಮರಾಠಿ ಹೆಂಗಸು ದಿನಾ ಎರಡು ಹೊತ್ತು ಬಂದು ಕಾಲು ಮಡಿಸಲು ಹಚ್ಚುತ್ತಿದ್ದಳು. ಈಗ ಮಡಿಸದಿದ್ದರೆ ಕೀಲು ಬಿಗಿದುಕೊಂಡು ಎಂದಿಗೂ ಮಡಚುವುದಿಲ್ಲವಂತೆ. ಅತ್ತೆ ಮಂಚದ ಸರಳು ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಆ ಬಾಯಿಯ ಏಳು ತಲೆಮಾರನ್ನು ಕನ್ನಡದಲ್ಲಿ ಜಾಲಾಡುತ್ತಿದ್ದಳು. ಕನ್ನಡ ಬಾರದ ಆ ಬಾಯಿ, ಮುದುಕಿ ದೇವರ ಹೆಸರು ಹೇಳುತ್ತಿದ್ದಾಳೆಂದು ತಿಳಿದು ಶಾಬಾಸ್ ಶಾಬಾಸ್ ಎನ್ನುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ನಗುತ್ತಿದ್ದೆ, ಅಳುತ್ತಿದ್ದೆ. ಮೂರನೇ ವಾರ ಅತ್ತೆ ನಾಲ್ಕು ಕಾಲಿನ ಚೌಕಟ್ಟು ಹಿಡಿದು ವಾರ್ಡಿನ ಈ ಬಾಗಿಲಿಂದ ಆ ಬಾಗಿಲಿಗೆ ನಡೆದಳು. ಸೊಟ್ಟ ಕಾಲು ನೆಟ್ಟಗಾಗಿತ್ತು.

ಬಿಡುವಾಗ ಡಾಕ್ಟರು ಒಂದು ಹಾಳೆಯ ಮೇಲೆ ಮೂರು ಚಿತ್ರ ಬರೆದರು. ಕುಕ್ಕರುಗಾಲಲ್ಲಿ ಕೂತ ಹೆಂಗಸು, ಚಕ್ಕಳಮಕ್ಕಳ ಹಾಕಿದ ಹೆಂಗಸು, ಮೊಣಕಾಲೂರಿ ನೆಲಕ್ಕೆ ಬಾಗಿದ ಹೆಂಗಸು. ಮೂರರ ಮೇಲೂ ಕೆಂಪು ಶಾಯಿಯಲ್ಲಿ ಕಾಟು ಹಾಕಿದರು. ನಡೆಯಲಿ, ಎಷ್ಟಾದರೂ ನಡೆಯಲಿ, ಆದರೆ ಈ ಮೂರು ಬೇಡ, ಆ ಮೊಣಕಾಲಿನ ಮೇಲೆ ಗಾಯ ಆಗಗೊಡಬೇಡ, ಹೊರಗಿನ ನಂಜು ಒಳಗಿನ ಲೋಹಕ್ಕೆ ಮುಟ್ಟಿದರೆ ನನ್ನ ಕೈಯಲ್ಲಿಯೂ ಇಲ್ಲ ಎಂದು ನನ್ನಿಂದ ಎರಡು ಸಲ ಹೇಳಿಸಿದರು. ನಾನು ಶಾಲೆಯ ಹುಡುಗಿಯಂತೆ ಒಪ್ಪಿಸಿದೆ.

ಬದಾಮಿ ಸ್ಟೇಶನ್ನಿನಲ್ಲಿ ಅತ್ತೆ ಕೋಲು ಹಿಡಿದು ಇಳಿದು ನಡೆದದ್ದನ್ನು ನೋಡಿ ಮಾವ ದೊಡ್ಡದಾಗಿ ನಕ್ಕ. ಆಪರೇಶನ್ ದಿನ ತಾನು ಕುಲದೇವರು ಬೀರಪ್ಪನ ಗುಡಿಯಲ್ಲಿ ಬೇಡಿಕೊಂಡದ್ದನ್ನು ಅಲ್ಲೇ ಗ್ಯಾಂಗಿನವರ ಮುಂದೆ ಹೇಳಿದ. ಇವಳು ನಡೆದುಕೊಂಡು ಬಂದರೆ ಒದ್ದೆ ಸೀರೆಯಲ್ಲಿ ಬಾವಿಯಿಂದ ಗುಡಿಯವರೆಗೆ ಇವಳ ಕೈಯಿಂದ ದೀಡ ನಮಸ್ಕಾರ ಹಾಕಿಸುತ್ತೇನೆ ಎಂದು ಹರಕೆಯಂತೆ. ದೀಡ ನಮಸ್ಕಾರ ಎಂದರೆ ನೆಲದ ಮೇಲೆ ಉದ್ದಕ್ಕೆ ಮಲಗಬೇಕು, ಚಾಚಿದ ಕೈ ಮುಟ್ಟಿದಲ್ಲಿ ಒಬ್ಬರು ಗೆರೆ ಹೊಡೆಯಬೇಕು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ಪ್ರತಿಸಲ ಮಲಗುವಾಗಲೂ ಏಳುವಾಗಲೂ ಮೊಣಕಾಲು ನೆಲಕ್ಕೆ ಊರಬೇಕು. ನನ್ನ ಕೈಚೀಲದಲ್ಲಿ ಡಾಕ್ಟರರ ಹಾಳೆಯಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವಳು ಏನೂ ಕೇಳಿಸಲಿಲ್ಲ ಎನ್ನುವಂತೆ ಟಾಂಗಾದವನನ್ನು ಕರೆಯುತ್ತಿದ್ದಳು.

ಕೀಲು ಇನ್ನೂ ಹಸಿ, ವರ್ಷವಾದರೂ ಹೋಗಲಿ ಎಂದು ನಾವು ದಿನ ದೂಡಿದೆವು. ಗೌಂಡಿ ಶಾಬುದ್ದೀನಣ್ಣ ಬಂದು ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿ ಅದರ ಮೇಲೆ ಒಲೆ ಕೂರಿಸಿಕೊಟ್ಟ. ನಿಂತು ರೊಟ್ಟಿ ಬಡಿಯುವ ಹೆಂಗಸನ್ನು ನಮ್ಮ ಓಣಿ ಮೊದಲ ಸಲ ನೋಡಿತು. ಸತ್ಯವ್ವ ಸಾಹೇಬರ ಹೆಂಡತಿಯಾದಳು ಎಂದು ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ಆ ಕಟ್ಟೆ ನೋಡಿ ಹೋದರು. ಹೊಂಡದ ದಂಡೆಯಲ್ಲಿ ಅತ್ತೆ ಕಬ್ಬಿಣದ ಸ್ಟೂಲಿನ ಮೇಲೆ ಕಾಲು ಚಾಚಿ ಕೂರತೊಡಗಿದಳು. ರೊಟ್ಟಿ ಕೊಂಡವರಿಗೆಲ್ಲ ಸೀರೆ ತುಸು ಎತ್ತಿ ಹೊಲಿಗೆಯ ಗುರುತು ತೋರಿಸಿ, ಒಳಗೆ ಪರದೇಶದ ಸಾಮಾನಿದೆ ನೋಡು ಎನ್ನುತ್ತಿದ್ದಳು. ಅವಳ ಜೀವನದಲ್ಲಿ ಅವಳಿಗಾಗಿಯೇ ತಂದದ್ದು ಅದೊಂದೇ ಇರಬೇಕು. ಬರುವ ವರ್ಷ ಎಡಗಾಲಿನದೂ ಮಾಡಿಸುವ ಮಾತಿತ್ತು. ಹದಿನೇಳು ತಿಂಗಳು ಹೀಗೆ ನಡೆದಾಡಿದಳು.

ಎಂಬತ್ತಾರರ ಮಳೆಗಾಲಕ್ಕೆ ಮಾವನ ತಮ್ಮ ಹಣಮಪ್ಪನ ಹಿಂಡಿನಲ್ಲಿ ಬೇನೆ ಬಂದು ಹನ್ನೊಂದು ಕುರಿ ಸತ್ತವು. ಸುತ್ತಲ ನಾಲ್ಕು ಊರಿನಲ್ಲಿ ಕುರಿ ಸತ್ತಿದ್ದವು, ದನದ ಡಾಕ್ಟರು ಸೂಜಿ ಹಾಕುತ್ತ ತಿರುಗುತ್ತಿದ್ದರು. ಆದರೆ ಹಣಮಪ್ಪನಿಗೆ ಕಾರಣ ನಮ್ಮ ಮನೆಯಲ್ಲೇ ಸಿಕ್ಕಿತು. ಬೀರಪ್ಪನ ಗುಡಿಯ ಮುಂದೆ ಕುಲದವರೆಲ್ಲ ಕೂತಾಗ, ಅಣ್ಣ ದೇವರಿಗೆ ಮಾತು ಕೊಟ್ಟು ತಪ್ಪಿದ್ದಾನೆ, ಅತ್ತಿಗೆ ಕಬ್ಬಿಣದ ಕಾಲಿನ ಮೇಲೆ ಮೆರೆಯುತ್ತಿದ್ದಾಳೆ, ನನ್ನ ಕುರಿ ಸಾಯುತ್ತಿವೆ ಎಂದ. ಮಾವ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಆ ದಿನದಿಂದ ಅವನು ಅತ್ತೆ ಬಡಿದ ರೊಟ್ಟಿ ಮುಟ್ಟಲಿಲ್ಲ. ನಾನು ಬಡಿದದ್ದನ್ನು ಮಾತ್ರ ತಿನ್ನುತ್ತಿದ್ದ.

ಪೂಜಾರಿ ಗುರಪ್ಪನನ್ನು ನಾನೇ ಗುಟ್ಟಾಗಿ ಹೋಗಿ ಕಂಡೆ. ಎಂಬತ್ತು ದಾಟಿದ ಮುದುಕ, ಹರೆಯವೆಲ್ಲ ಕುರಿಯ ಹಿಂದೆ ಕಳೆದವನು. ಡಾಕ್ಟರರ ಹಾಳೆಯನ್ನು ಬಿಚ್ಚಿ ತೋರಿಸಿದೆ. ಅವನು ಆ ಮೂರನೇ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಸಂಜೆ ಕೋಲೂರಿಕೊಂಡು ತಾನೇ ನಮ್ಮ ಮನೆಗೆ ಬಂದು ಮಾವನನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡ.

"ಹುಲ್ಲಪ್ಪಾ, ಆಕಿ ನಿಂತು ಕೈ ಮುಗೀಲಿ, ಒಂದು ಕಾಯಿ ಒಡಸು, ಹಣಿಗೆ ಭಂಡಾರ ಹಚ್ಚಿ ಕಳಸ್ತೇನಿ. ಬೀರಪ್ಪ ಕುರಿ ಕಾದಾಂವ. ಕುಂಟ ಕುರೀನ ಹೆಗಲ ಮ್ಯಾಲ ಹೊತ್ತಾಂವ. ಅದಕ್ಕ ನಡಕೊಂಡು ಬಾ ಅಂತ ಹೇಳಾಂವಲ್ಲ."

ದೇವರ ಪೂಜಾರಿಯೇ ಬಿಡುಗಡೆ ಕೊಟ್ಟಿದ್ದ. ನನ್ನ ಜೀವ ಹಗುರಾಯಿತು. ಮಾವನಿಗೆ ಮಾತ್ರ ಅದು ಹಿಡಿಸಲಿಲ್ಲ. ದೇವರು ಬಿಟ್ಟರೂ ಹಣಮಪ್ಪ ಬಿಡಬೇಕಲ್ಲ. ಪೂಜಾರಿ ಮುದುಕನಾಗಿದ್ದಾನೆ, ಬುದ್ಧಿ ಮಂಕಾಗಿದೆ ಎಂದು ಅವನ ಬೆನ್ನ ಹಿಂದೆ ಅಂದ. ನಾನು ತಡೆಯಲಾರದೆ ಬಾಗಿಲ ಹಿಂದೆ ನಿಂತು, ಅತ್ತೆಯ ಬದಲು ನಾನು ಹಾಕುತ್ತೇನೆ, ನನ್ನ ಕಾಲು ಗಟ್ಟಿಯಿವೆ ಎಂದೆ. ಮದುವೆಯಾಗಿ ಏಳು ವರ್ಷದಲ್ಲಿ ಮಾವನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

"ಮಾತು ಕೊಟ್ಟಾಂವ ನಾನು," ಎಂದ ಮಾವ. "ನಾಳೆ ನಾಕು ಮಂದ್ಯಾಗ ಮುಖಾ ಎತ್ತಿ ತಿರಗಾಂವನೂ ನಾನು. ನಡುವ ನೀ ಬರಬ್ಯಾಡ."

ಅದಕ್ಕೂ ಮಿಕ್ಕಿ ಮಾತಾಡುವ ಧೈರ್ಯ ನನಗಿರಲಿಲ್ಲ. ಇದ್ದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ. ಗಂಡನಿಗೆ ಹೇಳಿದರೆ, ಅಪ್ಪನ ಮಾತು ಅಪ್ಪನ ಹತ್ತಿರ, ನಮಗ್ಯಾಕೆ ಎಂದು ಗಣಿಗೆ ಹೊರಟುಹೋದ. ಹರಕೆಗೆ ನಡೆದು ಬೊಬ್ಬೆ ಎದ್ದ ಅಂಗಾಲು ಅವನಿಗೆ ಮರೆತಿತ್ತೋ, ಅಥವಾ ತಾನು ಉಂಡ ನೋವನ್ನು ಇನ್ನೊಬ್ಬರೂ ಉಣ್ಣಲಿ ಅನ್ನಿಸಿತ್ತೋ ಗೊತ್ತಿಲ್ಲ. ಕೊನೆಗೆ ಅತ್ತೆಯೇ ಒಪ್ಪಿಕೊಂಡಳು. ದೇವರಿಗೆ ಹೆದರಿ ಅಲ್ಲ. ಮೂರು ವಾರ ತನ್ನ ರೊಟ್ಟಿ ಗಂಡನ ತಟ್ಟೆಯಿಂದ ಹೊರಗೆ ಉಳಿದದ್ದನ್ನು ನೋಡಿ ನೋಡಿ ಸೋತಿದ್ದಳು. ದಿನಾ ಇದನ್ನು ಅನುಭವಿಸುವುದಕ್ಕಿಂತ ಒಂದು ದಿನ ಬಿದ್ದು ಎದ್ದುಬಿಡುತ್ತೇನೆ ಎಂದಳು.

ಶ್ರಾವಣದ ಮೂರನೇ ಸೋಮವಾರ. ಬಾವಿಯಿಂದ ಗುಡಿಗೆ ಮುನ್ನೂರು ಹೆಜ್ಜೆಗಿಂತ ಹೆಚ್ಚಿಲ್ಲ, ಆದರೆ ದಾರಿ ತುಂಬ ಗರಸು, ಚೂಪು ಹರಳುಕಲ್ಲು. ಕೋಲಿನಿಂದ ಗೆರೆ ಹೊಡೆಯುವ ಕೆಲಸ ನನ್ನದು. ಮೊಣಕಾಲಿಗೆ ಹಳೆಯ ಕಂಬಳಿಯ ತುಂಡು ಸುತ್ತಿದ್ದೆ, ಐದಾರು ಸಲ ಮಲಗಿ ಎದ್ದಾಗಲೇ ಅದು ಒದ್ದೆಯಾಗಿ ಜಾರಿತು. ಆಮೇಲೆ ನಾನು ಮೋಸ ಮಾಡತೊಡಗಿದೆ. ಅತ್ತೆಯ ಬೆರಳು ಮುಟ್ಟಿದಲ್ಲಿ ಗೆರೆ ಹೊಡೆಯದೆ ಮೊಳದಷ್ಟು ಮುಂದೆ ಹೊಡೆದೆ. ಯಾರೂ ಏನೂ ಅನ್ನಲಿಲ್ಲವೆಂದು ಎರಡು ಮೊಳ ಮುಂದೆ ಹೊಡೆದೆ. ಗುಡಿಯ ಬಾಗಿಲಲ್ಲಿ ನಿಂತ ಗುರಪ್ಪನಿಗೆ ಎಲ್ಲ ಕಾಣುತ್ತಿತ್ತು, ಅವನು ಬೇಕಂತಲೇ ಆಕಾಶ ನೋಡುತ್ತಿದ್ದ. ನೆರೆದ ಹೆಂಗಸರೂ ಕಂಡು ಕಾಣದಂತಿದ್ದರು. ಅರ್ಧ ದಾರಿಗೆ ಬಂದಿದ್ದೆವು. ಆಗ ಮಾವ ನನ್ನ ಕೈಯಿಂದ ಕೋಲು ಕಸಿದು, ಕಾಲಿನಿಂದ ನನ್ನ ಗೆರೆ ಅಳಿಸಿ, ಅತ್ತೆಯ ಬೆರಳ ತುದಿಗೆ ಸರಿಯಾಗಿ ಹೊಸ ಗೆರೆ ಎಳೆದ. ಅಷ್ಟಕ್ಕೇ ಬಿಡದೆ, ಮೋಸದಲ್ಲಿ ಬಂದ ದಾರಿ ದೇವರಿಗೆ ಮುಟ್ಟುವುದಿಲ್ಲವೆಂದು ಅವಳನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಬಾವಿಯಿಂದಲೇ ಶುರು ಮಾಡಿಸಿದ. ಹಣಮಪ್ಪ ನೋಡುತ್ತಿದ್ದನಲ್ಲ.

ಅತ್ತೆ ಬಾವಿಯ ಮುಂದೆ ಮತ್ತೆ ಉದ್ದಕ್ಕೆ ಮಲಗಿದಳು. ಗುಡಿ ಮುಟ್ಟಿದಾಗ ಸೀರೆಯ ಮೊಣಕಾಲಿನ ಜಾಗದಲ್ಲಿ ರಕ್ತ ಹರಡಿತ್ತು. ಗುರಪ್ಪ ಅವಳ ಹಣೆಗೆ ಭಂಡಾರದ ಅರಿಸಿನ ಹಚ್ಚಿದ. ಆ ರಾತ್ರಿ ಮಾವ ಅತ್ತೆಯ ರೊಟ್ಟಿ ಕೇಳಿದ. ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ.

ಗಾಯ ಮೇಲೆ ಒಣಗಿತು, ಒಳಗೆ ಒಣಗಲಿಲ್ಲ. ಹತ್ತು ದಿನಕ್ಕೆ ಜ್ವರ, ತಿಂಗಳಿಗೆ ಹೊಲಿಗೆಯ ಪಕ್ಕದಲ್ಲಿ ಸಣ್ಣ ತೂತಾಗಿ ಕೀವು. ಬದಾಮಿಯಲ್ಲಿ ಸೂಜಿ ಆಯಿತು, ಬಾಗಲಕೋಟೆಯಲ್ಲಿ ಗುಳಿಗೆ ಆಯಿತು, ಹುಬ್ಬಳ್ಳಿಯವರು ನೋಡಿ ಕೂಡಲೇ ಮುಂಬೈಗೆ ಹೋಗಿ ಅಂದರು. ಕುರಿ ಸಾಯುವುದು ಅಷ್ಟರಲ್ಲಿ ನಿಂತಿತ್ತು. ಸೂಜಿ ಹಾಕಿದ್ದರಿಂದ ಸುತ್ತಲ ಊರುಗಳಲ್ಲೂ ನಿಂತಿತ್ತು. ನಮ್ಮೂರಲ್ಲಿ ಮಾತ್ರ ಅದು ಹರಕೆಯಿಂದ ನಿಂತಿತು.

ಈ ಸಲ ಮಾವ ರಜೆ ಹಾಕಿ ಜೊತೆಗೆ ಬಂದ. ಅದೇ ಡಾಕ್ಟರು ಅತ್ತೆಯ ಕಾಲು ಹಿಡಿದು ನೋಡಿದರು, ನನ್ನನ್ನು ನೋಡಿದರು. ಏನಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ತನ್ನ ಹಿಂದಿಯಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದಳು ಎಂದ. ಡಾಕ್ಟರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ನಾನು ನೆಲ ನೋಡಿದೆ. ಎರಡು ಸಲ ಪಾಠ ಒಪ್ಪಿಸಿ ಬಂದವಳು ನಾನು, ಈಗ ಏನು ಹೇಳಲಿ?

ಲೋಹವನ್ನೆಲ್ಲ ತೆಗೆದು ಎಲುಬಿಗೆ ಎಲುಬು ಕೂಡಿಸಿಬಿಡಬೇಕು, ಕಾಲು ಉಳಿಯುತ್ತದೆ, ಆದರೆ ಕೋಲಿನಂತೆ ನೆಟ್ಟಗೆ ನಿಲ್ಲುತ್ತದೆ, ಮಡಚುವುದಿಲ್ಲ ಎಂದರು. ನಂಜು ಏರಿದ್ದರೆ ತೊಡೆಯ ಮಟ್ಟಕ್ಕೆ ಕತ್ತರಿಸಬೇಕಾಗಬಹುದು, ಅದು ಒಳಗೆ ನೋಡಿದ ಮೇಲೆ ಗೊತ್ತಾಗುವುದು ಎಂದರು. ಎಡಗಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಇವತ್ತಿಗೆ ಅತ್ತೆಯ ಬಲಗಾಲು ಹಾಗೆಯೇ ಇದೆ, ಉಳಿಯಿತು, ನೆಟ್ಟಗೆ. ಬಸ್ಸಿನಲ್ಲಿ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಡಕ್ಟರನ ಹತ್ತಿರ ಬೈಸಿಕೊಳ್ಳುತ್ತಾಳೆ. ಹೊಂಡದ ದಂಡೆಗೆ ನಾನು ಹೋಗುತ್ತೇನೆ.

ಎಂಬತ್ತೇಳರ ಜನವರಿಯಲ್ಲಿ, ಆ ಎರಡನೇ ಆಪರೇಶನ್ನಿನ ದಿನ ಬೆಳಿಗ್ಗೆ ಅವಳನ್ನು ಗಾಲಿಯ ಮಂಚದ ಮೇಲೆ ಮಲಗಿಸಿ ಒಳಗೆ ಒಯ್ಯುವ ಬಾಗಿಲ ಹೊರಗೆ ನಿಲ್ಲಿಸಿದ್ದರು. ಹಸಿರು ಬಟ್ಟೆ ಹೊದಿಸಿದ್ದರು. ಬಳೆ ತೆಗೆಸಿದ್ದರಿಂದ ಕೈ ಯಾರದೋ ಕೈಯಂತೆ ಕಾಣುತ್ತಿತ್ತು. ಮಾವ ಮಂಚದ ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣು ತುಂಬಿತ್ತು, ಅದು ಸುಳ್ಳಲ್ಲ. ಹೆಂಡತಿಯ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವನು ಎರಡು ಕೈ ಜೋಡಿಸಿ, ಊರು ಯಾವ ದಿಕ್ಕಿಗೆ ಎಂದು ತಿಳಿಯದೆ ಕಿಟಕಿಯ ಕಡೆ ತಿರುಗಿ, ಬೀರಪ್ಪಾ, ಇವಳ ಕಾಲೊಂದು ಉಳಿಸಿಕೊಡು, ಇವಳು ಬಂದು ನಿನಗೆ ಎಂದು ಶುರು ಮಾಡಿದ.

ಅತ್ತೆ ತಲೆ ಎತ್ತಿದಳು. ದನಿ ಏರಿಸಲಿಲ್ಲ.

"ಈ ಸಲ ಹರಕಿಗೆ ನಿಮ್ಮ ಕಾಲಿಟ್ಟು ಬೇಡ್ಕೋರಿ."

ಮಾವನ ಜೋಡಿಸಿದ ಕೈ ಹಾಗೆಯೇ ಇತ್ತು. ಅತ್ತೆ ಅವನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು, ನಾನೂ ಕಾದೆ. ಒಳಗಿನಿಂದ ಇಬ್ಬರು ಬಂದು ಮಂಚದ ಗಾಲಿ ಬಿಡಿಸಿ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಮಾವ ನಿಧಾನವಾಗಿ ಕೈ ಇಳಿಸಿ ಬೆಂಚಿನ ಮೇಲೆ ಕೂತ. ಅವನು ಏನೂ ಬೇಡಿಕೊಳ್ಳಲಿಲ್ಲ.